ನಾಚಾರಂನ ಒಂದು ಹಳೆಯ ವಿಳಾಸ

ನನ್ನ ಹುಟ್ಟೂರು ಉಪ್ಪಳದ ಹತ್ತಿರ. ಮಂಜೇಶ್ವರ ತಾಲೂಕು, ಕಾಸರಗೋಡು ಜಿಲ್ಲೆ. ಈಗ ಇರುವುದು ಉಪ್ಪಲ್ ಹತ್ತಿರ, ಹೈದರಾಬಾದಿನ ನಾಚಾರಂನಲ್ಲಿ. ಇಲ್ಲಿಗೆ ಬಂದ ಹೊಸತರಲ್ಲಿ ಅಮ್ಮ ಕಳಿಸಿದ ಹಲಸಿನ ಹಪ್ಪಳದ ಪಾರ್ಸೆಲ್ಲು ಎಲ್ಲೆಲ್ಲೋ ಸುತ್ತಿ ಹೊರಟಲ್ಲಿಗೇ ವಾಪಸು ಹೋಗಿತ್ತು. ಉಪ್ಪಳದಿಂದ ಉಪ್ಪಲ್‌ಗೆ ಎಂದು ಬರೆದಿದ್ದನ್ನು ಯಾರೋ ಒಂದೇ ಊರೆಂದು ತಿಳಿದಿರಬೇಕು. ನಮ್ಮ ಕಡೆಯವರು ಸಿಕ್ಕಾಗಲೆಲ್ಲ ಈ ಕತೆ ಹೇಳಿ ನಗುತ್ತೇವೆ.

ನಾನು ಕೆಲಸ ಮಾಡುವುದು ಔಷಧ ತಯಾರಿಸುವ ಒಂದು ಕಂಪನಿಯ ಗುಣಮಟ್ಟ ಪರೀಕ್ಷೆಯ ಲ್ಯಾಬಿನಲ್ಲಿ. ಡಿಎನ್‌ಎ ನನ್ನ ವಿಷಯವಲ್ಲ. ಆದರೆ ಒಂದು ದಿನ ಏನನ್ನೋ ಹುಡುಕುತ್ತ ಹಳೆಯ ವೈಜ್ಞಾನಿಕ ಪ್ರಬಂಧವೊಂದನ್ನು ತೆರೆದಾಗ, ಲೇಖಕರ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ನಾನು ದಿನಾ ಓಡಾಡುವ ದಾರಿ ಕಂಡಿತು: ಸೆಂಟರ್ ಫಾರ್ ಡಿಎನ್‌ಎ ಫಿಂಗರ್‌ಪ್ರಿಂಟಿಂಗ್ ಅಂಡ್ ಡಯಾಗ್ನಾಸ್ಟಿಕ್ಸ್, ಇಸಿಐಎಲ್ ರಸ್ತೆ, ನಾಚಾರಂ, ಹೈದರಾಬಾದ್ 500076. ಸಂಕ್ಷಿಪ್ತವಾಗಿ ಸಿಡಿಎಫ್‌ಡಿ.

ಆ ಹೆಸರು ನನಗೆ ಗೊತ್ತಿತ್ತು. 2010ರ ಮೇ ತಿಂಗಳಲ್ಲಿ ಮಂಗಳೂರು, ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಪೇಪರು ಬಿಡಿಸಿದ ಕೂಡಲೇ ಹುಡುಕುತ್ತಿದ್ದ ಹೆಸರದು. 'ಹೈದರಾಬಾದಿನಿಂದ ವರದಿ ಬಂತಾ?' ಎಂಬ ಮಾತು ಆಗ ನಮ್ಮೂರ ಬಸ್‌ಸ್ಟ್ಯಾಂಡಿನಲ್ಲೂ ಕೇಳುತ್ತಿತ್ತು.

ಆ ವರ್ಷದ ಮೇ 22ರ ಬೆಳಿಗ್ಗೆ ಆರರ ಸುಮಾರಿಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿದ್ದು ಹೊತ್ತಿ ಉರಿಯಿತು. ಒಳಗಿದ್ದ 166 ಜನರಲ್ಲಿ 158 ಜನ ಸತ್ತರು. ಎಂಟು ಜನ ಉಳಿದರು. ಸತ್ತವರಲ್ಲಿ ಬಹಳಷ್ಟು ಮಂದಿ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನವರು. ಮದುವೆಗೆಂದು, ರಜೆಗೆಂದು, ತಾಯಿಗೆ ಹುಷಾರಿಲ್ಲ ಎಂದು ಹೊರಟವರು. ಗಲ್ಫಿನಿಂದ ಬರುವವರಿಗೆ ಬೇರೆ ಕಾರಣ ಯಾವುದಿರುತ್ತದೆ?

ನಾನಾಗ ಮಂಗಳೂರಿನಲ್ಲಿ ಬಿಎಸ್ಸಿ ಓದುತ್ತಿದ್ದೆ. ನಮ್ಮ ಪಕ್ಕದ ಮನೆಯ ಉಮ್ಮನ ಮಗ ಆ ವಿಮಾನದಲ್ಲಿದ್ದ. ಅವರ ಮಕ್ಕಳು ಕರೆಯುತ್ತಿದ್ದಂತೆ ನಾವೂ ಅವರನ್ನು ಉಮ್ಮ ಎಂದೇ ಕರೆಯುತ್ತಿದ್ದೆವು. ಊರಿಂದ ಫೋನು ಬಂತು: 'ನೀನು ಅಲ್ಲೇ ಇದ್ದೀಯಲ್ಲ, ಅವರ ಜೊತೆ ಹೋಗು.' ಹೋದೆ. ಆಸ್ಪತ್ರೆಯೊಂದರ ಹೊರಗೆ ನಿಂತವರ ನಡುವೆ ಅವನ ದೊಡ್ಡಪ್ಪನನ್ನು ಹುಡುಕಿ, ಅವರ ಹಿಂದೆ ಹಿಂದೆ ಸುತ್ತಿದೆ. ಅಲ್ಲಿ ಕಂಡದ್ದನ್ನು ಬರೆಯುವುದಿಲ್ಲ. ಮುಖ ನೋಡಿ ಗುರುತಿಸುವ ಸ್ಥಿತಿಯಲ್ಲಿ ಹೆಚ್ಚಿನವು ಇರಲಿಲ್ಲ ಎಂದಷ್ಟೇ ಹೇಳುತ್ತೇನೆ. ಸಂಜೆಯ ಹೊತ್ತಿಗೆ ದೊಡ್ಡಪ್ಪ ಒಂದು ದೇಹದ ಮುಂದೆ ನಿಂತರು. ಕೈಯಲ್ಲಿ ಗಡಿಯಾರ, ಸೊಂಟದಲ್ಲಿ ಬೆಲ್ಟಿನ ಬಕ್ಕಲ್ಲು. 'ಇವನೇ' ಎಂದರು. ಸಹಿ ಮಾಡಿದರು. ರಾತ್ರಿ ಮಸೀದಿಯ ಪಕ್ಕದಲ್ಲಿ ದಫನವಾಯಿತು.

ಹೀಗೆ ಒಂದೆರಡು ದಿನಗಳಲ್ಲೇ ಹೆಚ್ಚಿನ ದೇಹಗಳು ಮನೆ ಸೇರಿದವು. ಯಾರೂ ಗುರುತಿಸಲಾಗದೆ ಉಳಿದವು ಇಪ್ಪತ್ತಕ್ಕೂ ಹೆಚ್ಚು. ದೇಹ ಸಿಗದೆ ಕಾದು ಕುಳಿತ ಮನೆಯವರ ರಕ್ತವನ್ನೂ ಆ ದೇಹಗಳ ಸ್ಯಾಂಪಲ್ಲನ್ನೂ ಹೈದರಾಬಾದಿನ ಸಿಡಿಎಫ್‌ಡಿಗೆ ಕಳಿಸಿದರು. ಲೆಕ್ಕ ಸರಳವಾಗಿತ್ತು. ಇಷ್ಟು ದೇಹ, ಇಷ್ಟು ಕುಟುಂಬ. ಹೊಂದಿಸಿದರೆ ಮುಗಿಯಿತು. ಆದರೆ ವರದಿ ಬಂದಾಗ ಕೆಲವು ಮಾತ್ರ ಹೊಂದಿದವು. ಕೊನೆಗೆ 12 ದೇಹಗಳು ಕಾಯುತ್ತಿದ್ದ ಯಾರ ರಕ್ತಕ್ಕೂ ಹೊಂದದೆ ಉಳಿದುಬಿಟ್ಟವು.

ಅದರ ಅರ್ಥ ಒಂದೇ. ಕಾಯುತ್ತಿದ್ದವರ ಮಕ್ಕಳು, ಗಂಡಂದಿರು, ಹೆಂಡಂದಿರು ಆಗಲೇ ಬೇರೆ ಯಾರದೋ ಮನೆಯಿಂದ ಮಣ್ಣಿಗೋ ಬೆಂಕಿಗೋ ಹೋಗಿದ್ದರು. ಆ ಹನ್ನೆರಡು ದೇಹಗಳ ಮನೆಯವರು ಬೇರೊಂದನ್ನು ತಮ್ಮದೆಂದು ಒಯ್ದು ಅತ್ತು ಮುಗಿಸಿದ್ದರು. ಸುಟ್ಟದ್ದನ್ನು ಮತ್ತೆ ಪರೀಕ್ಷೆ ಮಾಡುವಂತಿಲ್ಲ, ಬೂದಿಯಲ್ಲಿ ಡಿಎನ್‌ಎ ಉಳಿಯುವುದಿಲ್ಲ. ಹೂಳಿದ್ದನ್ನು ಪರೀಕ್ಷಿಸಬೇಕಾದರೆ ಗೋರಿ ಅಗೆಯಬೇಕು. ಯಾರ ಗೋರಿ? ಎಷ್ಟು ಗೋರಿ? ಹನ್ನೆರಡೂ ದೇಹಗಳನ್ನು ಕೂಳೂರಿನ ಬಳಿ, ಫಲ್ಗುಣಿ ನದಿಯ ದಂಡೆಯಲ್ಲಿ ಒಟ್ಟಿಗೆ ಹೂಳಿದರು. ಈಗ ಅಲ್ಲೊಂದು ಸ್ಮಾರಕವಿದೆ.

ಆ ಸುದ್ದಿ ಬಂದ ದಿನ ನಮ್ಮೂರಿನಲ್ಲಿ ಯಾರೂ ಏನೂ ಹೇಳಲಿಲ್ಲ. ಉಮ್ಮನ ಮನೆಯಲ್ಲಿ ಅವತ್ತು ಪೇಪರು ತರಿಸಲಿಲ್ಲ ಎಂದು ಆಮೇಲೆ ಅಮ್ಮ ಹೇಳಿದರು.

ಹಾಗಾಗಿ ನಾಚಾರಂನ ಆ ವಿಳಾಸ ನನಗೆ ಬರಿಯ ವಿಳಾಸವಾಗಿ ಕಾಣಲಿಲ್ಲ. ಸಂಜೆ ಇಸಿಐಎಲ್ ರಸ್ತೆಯ ಚಹಾದಂಗಡಿಯ ಹಳಬನೊಬ್ಬನನ್ನು ಕೇಳಿದೆ. 'ವೋ ಡಿಎನ್‌ಎ ವಾಲೇ? ಕಬ್ ಕೇ ಚಲೇ ಗಯೇ ಸಾಬ್' ಎಂದ. ನಿಜ. ಮಂಗಳೂರಿನ ಸ್ಯಾಂಪಲ್ಲುಗಳು ಬರುವಷ್ಟರಲ್ಲಿ ಸಂಸ್ಥೆ ನಾಚಾರಂ ಬಿಟ್ಟು ನಾಂಪಲ್ಲಿಯ ಗೃಹಕಲ್ಪಕ್ಕೆ ಹೋಗಿತ್ತು. ಈಗಿರುವುದು ಉಪ್ಪಲ್‌ನಲ್ಲಿ. ನನ್ನ ಹಪ್ಪಳದ ಪಾರ್ಸೆಲ್ಲಿನ ಹಾಗೆ ಅದೂ ಊರೆಲ್ಲ ಸುತ್ತಿ ಪಕ್ಕಕ್ಕೇ ಬಂದಿದೆ.

ಈ ಸಂಸ್ಥೆಯ ಕತೆ ಶುರುವಾಗುವುದು ಒಂದು ಹಾವಿನಿಂದ.

ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ 1947ರಲ್ಲಿ ಹುಟ್ಟಿದ ಲಾಲ್‌ಜಿ ಸಿಂಗ್ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಹಾವುಗಳ ವರ್ಣತಂತುಗಳ ಮೇಲೆ ಪಿಎಚ್‌ಡಿ ಮಾಡಿದರು. ಹೆಣ್ಣು ಹಾವು ಹೆಣ್ಣಾಗುವುದು ಹೇಗೆ ಎಂಬುದು ಅವರ ಪ್ರಶ್ನೆ. ಆಮೇಲೆ ಎಡಿನ್‌ಬರೋದಲ್ಲಿ ಅದೇ ಕೆಲಸ ಮುಂದುವರಿಸಿದಾಗ, ಮೈಮೇಲೆ ಪಟ್ಟೆಯಿರುವ ಕಟ್ಟುಹಾವಿನ ಡಿಎನ್‌ಎಯಲ್ಲಿ ಒಂದೇ ಪದ ಮತ್ತೆ ಮತ್ತೆ ಬರುವ ಭಾಗವೊಂದು ಸಿಕ್ಕಿತು. ಜಿ, ಎ, ಟಿ, ಎ ಎಂಬ ನಾಲ್ಕು ಅಕ್ಷರ. ಗಾಟಾ, ಗಾಟಾ, ಗಾಟಾ. ನಮ್ಮ ಭಜನೆಯ ಪಲ್ಲವಿಯ ಹಾಗೆ. ಆ ಹಾವಿನ ಇಂಗ್ಲಿಷ್ ಹೆಸರಿನಿಂದಲೇ ಅದಕ್ಕೆ ಬಿಕೆಎಂ ಎಂದು ಹೆಸರಾಯಿತು. ಅದೇ ಪಲ್ಲವಿ ಹಕ್ಕಿಯಲ್ಲೂ ಇಲಿಯಲ್ಲೂ ಮನುಷ್ಯನಲ್ಲೂ ಇದೆ ಎಂದು ಆಮೇಲೆ ಗೊತ್ತಾಯಿತು.

1984ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಅಲೆಕ್ ಜೆಫ್ರಿಸ್, ಮನುಷ್ಯರ ಡಿಎನ್‌ಎಯ ಇಂಥ ಪುನರಾವರ್ತನೆಗಳು ಒಬ್ಬೊಬ್ಬರಲ್ಲಿ ಒಂದೊಂದು ಉದ್ದವಾಗಿರುತ್ತವೆ ಎಂದು ಕಂಡುಕೊಂಡರು. ಅದಕ್ಕೆ ಡಿಎನ್‌ಎ ಬೆರಳಚ್ಚು ಎಂಬ ಹೆಸರು ಬಂತು. ಇದರ ಮೊದಲ ಉಪಯೋಗ ಕೊಲೆ ಪ್ರಕರಣದಲ್ಲಿ ಆದದ್ದಲ್ಲ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಘಾನಾದಿಂದ ಬ್ರಿಟನ್ನಿಗೆ ವಾಪಸಾದ ಹುಡುಗನೊಬ್ಬನನ್ನು ವಿಮಾನ ನಿಲ್ದಾಣದ ಅಧಿಕಾರಿಗಳು ನಂಬಲಿಲ್ಲ, ಅವನು ಆ ತಾಯಿಯ ಮಗನೇ ಅಲ್ಲ ಎಂದರು. ಜೆಫ್ರಿಸ್ ತಾಯಿ ಮತ್ತು ಉಳಿದ ಮಕ್ಕಳ ರಕ್ತ ನೋಡಿ ಅವನು ಅವಳ ಮಗನೇ ಎಂದು 1985ರಲ್ಲಿ ತೋರಿಸಿಕೊಟ್ಟರು. ಊರು ಬಿಟ್ಟು ಬದುಕುವವರಿಗೆ ಪಾಸ್‌ಪೋರ್ಟಿನ ಮುಂದೆ ನಿಂತು 'ನಾನು ನಾನೇ' ಎಂದು ಸಾಬೀತು ಮಾಡುವ ಕಷ್ಟ ಗೊತ್ತು. ಮೊದಲ ಕೊಲೆ ಪ್ರಕರಣದಲ್ಲೂ ಈ ಪರೀಕ್ಷೆ ಮೊದಲು ಮಾಡಿದ್ದು, ತಪ್ಪೊಪ್ಪಿಕೊಂಡಿದ್ದ ಒಬ್ಬ ನಿರಪರಾಧಿ ಹುಡುಗನನ್ನು ಬಿಡಿಸಿದ್ದು.

ಲಾಲ್‌ಜಿ ಸಿಂಗ್ 1987ರಲ್ಲಿ ಹೈದರಾಬಾದಿನ ಸಿಸಿಎಂಬಿಗೆ ಬಂದರು. ನಾಚಾರಂನಿಂದ ತಾರ್ನಾಕದ ಕಡೆಗೆ ಹೋಗುವಾಗ ಸಿಗುವ ಹಬ್ಸಿಗೂಡದಲ್ಲಿದೆ ಆ ಸಂಸ್ಥೆ. ಹಾವಿನಲ್ಲಿ ಸಿಕ್ಕ ಗಾಟಾವನ್ನೇ ಗಾಳವಾಗಿ ಬಳಸಿ ಮನುಷ್ಯರ ಡಿಎನ್‌ಎ ಬೆರಳಚ್ಚು ತೆಗೆಯುವ ವಿಧಾನವನ್ನು ಅವರು ಸಿದ್ಧಮಾಡಿದರು. ಅದು ಮೊದಲು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು ನಮ್ಮದೇ ಕರಾವಳಿಯಲ್ಲಿ, ಕಾಸರಗೋಡಿನಿಂದ ತೆಂಕಣಕ್ಕೆ ಹೋದರೆ ಸಿಗುವ ತಲಶ್ಶೇರಿಯಲ್ಲಿ. ಮಗು ತನ್ನದಲ್ಲ ಎಂದ ತಂದೆಯ ಪ್ರಕರಣ. ಪರೀಕ್ಷೆ ಅವನದೇ ಎಂದಿತು. 1991ರಲ್ಲಿ ಕೇರಳ ಹೈಕೋರ್ಟು ಆ ಸಾಕ್ಷ್ಯವನ್ನು ಎತ್ತಿಹಿಡಿಯಿತು. ಅಲ್ಲಿಂದ ಮುಂದೆ ರಾಜೀವ್ ಗಾಂಧಿ ಹತ್ಯೆಯ ತನಿಖೆ, ದೆಹಲಿಯ ತಂದೂರ್ ಕೊಲೆ, ಒಂದೊಂದಾಗಿ ಹೈದರಾಬಾದಿಗೆ ಬಂದವು. ಸಂಶೋಧನಾಲಯಕ್ಕೆ ಪೊಲೀಸರ ಪೆಟ್ಟಿಗೆಗಳು ಬರುತ್ತಲೇ ಇದ್ದರೆ ಇದಕ್ಕೇ ಒಂದು ಬೇರೆ ಮನೆ ಬೇಕಲ್ಲ. 1996ರಲ್ಲಿ ಸಿಡಿಎಫ್‌ಡಿ ಹುಟ್ಟಿತು. ಆಮೇಲೆ ಕೆಲವು ವರ್ಷ ಅದರ ವಾಸ ನಾಚಾರಂನಲ್ಲಿ.

ಅಲ್ಲಿ ಕನ್ನಡದವರೂ ಇದ್ದರು. ಜವರೇಗೌಡ ನಾಗರಾಜು ಕರ್ನಾಟಕದ ರೇಷ್ಮೆ ಸಂಶೋಧನೆಯಿಂದ ಬಂದವರು. ರೇಷ್ಮೆಹುಳುವಿನ ತಳಿಶಾಸ್ತ್ರದಲ್ಲಿ ಜಗತ್ತು ಗುರುತಿಸಿದ ಹೆಸರು. ಬಾಸ್ಮತಿ ಅಕ್ಕಿಯ ಕಲಬೆರಕೆಯನ್ನು ಡಿಎನ್‌ಎ ನೋಡಿ ಹಿಡಿಯುವ ಕೆಲಸವನ್ನೂ ಅವರ ತಂಡ ಮಾಡಿತು. ಹುಳು, ಅಕ್ಕಿ, ಮನುಷ್ಯ, ಯಾವುದನ್ನು ಗುರುತಿಸುವುದಕ್ಕೂ ಸೂತ್ರ ಅದೇ. 2012ರಲ್ಲಿ ತೀರಿಕೊಂಡರು.

ಆ ಸೂತ್ರವನ್ನು ನನ್ನ ಲ್ಯಾಬಿನ ಭಾಷೆಯಲ್ಲಿ ಹೇಳಿಬಿಡುತ್ತೇನೆ. ಡಿಎನ್‌ಎಯಲ್ಲಿ ಕೆಲವು ನಿಗದಿತ ಜಾಗಗಳಿವೆ. ಡಿ5ಎಸ್818 ಎಂದರೆ ಐದನೆಯ ವರ್ಣತಂತುವಿನ ಮೇಲಿನ ಒಂದು ಜಾಗ, ಸೈಟಿನ ಸರ್ವೆ ನಂಬರಿನ ಹಾಗೆ. ಅಲ್ಲಿ ನಾಲ್ಕಕ್ಷರದ ಪದವೊಂದು ಎಷ್ಟು ಸಲ ಬಂದಿದೆ ಎಂದು ಎಣಿಸುತ್ತಾರೆ. ಒಬ್ಬರಿಗೆ 11 ಸಲ, ಇನ್ನೊಬ್ಬರಿಗೆ 13. ಪ್ರತಿಯೊಬ್ಬರಲ್ಲೂ ಎರಡು ಸಂಖ್ಯೆ, ಒಂದು ತಾಯಿಯಿಂದ, ಒಂದು ತಂದೆಯಿಂದ. ಹೀಗೆ ಎಣಿಸುವ ಹಲವು ಜಾಗಗಳಲ್ಲಿ ಇರುವುದು ಕಟ್ಟುಹಾವಿನ ಅದೇ ಗಾಟಾ. ಅಮೆರಿಕದ ಪೊಲೀಸರು 1990ರ ದಶಕದ ಕೊನೆಯಲ್ಲಿ ಇಂಥ 13 ಜಾಗಗಳನ್ನು ಆರಿಸಿಕೊಂಡರು. 2017ರಿಂದ 20 ಆಯಿತು.

ಒಂದು ಜಾಗದಲ್ಲಿ ನಿಮ್ಮ ಜೋಡಿ ಸಂಖ್ಯೆ ಹತ್ತರಲ್ಲಿ ಒಬ್ಬರಿಗೆ ಇರುತ್ತದೆ ಎಂದು ಇಟ್ಟುಕೊಳ್ಳಿ. ಎರಡು ಜಾಗ ಸೇರಿದರೆ ನೂರರಲ್ಲಿ ಒಬ್ಬರು. ಹದಿಮೂರೂ ಸೇರಿದರೆ ಹತ್ತು ಲಕ್ಷ ಕೋಟಿಯಲ್ಲಿ ಒಬ್ಬರು. ಕೋರ್ಟಿನಲ್ಲಿ ಈ ಸಂಖ್ಯೆ ಕೇಳಿದವರು ಮಾತಾಡದೆ ಕೂರುತ್ತಾರೆ. ಆದರೆ 'ಹತ್ತರಲ್ಲಿ ಒಬ್ಬರು' ಎಂದದ್ದು ಯಾವ ಹತ್ತು ಜನ? ಯಾವ ಊರಿನ, ಯಾವ ಜನಾಂಗದ ಹತ್ತು ಜನ?

1991ರಲ್ಲಿ ರಿಚರ್ಡ್ ಲೆವೊಂಟಿನ್ ಮತ್ತು ಡೇನಿಯಲ್ ಹಾರ್ಟ್ಲ್ 'ಸೈನ್ಸ್' ಪತ್ರಿಕೆಯಲ್ಲಿ ಇದೇ ಪ್ರಶ್ನೆ ಎತ್ತಿ ದೊಡ್ಡ ಗದ್ದಲವಾಯಿತು. ಬಿಳಿಯರು, ಕರಿಯರು ಎಂದು ಒಟ್ಟಾಗಿ ಸರಾಸರಿ ತೆಗೆದರೆ, ತಮ್ಮೊಳಗೇ ಮದುವೆಯಾಗುವ ಸಣ್ಣ ಗುಂಪುಗಳಲ್ಲಿ ಆ ಸರಾಸರಿ ಸುಳ್ಳಾಗಬಹುದು ಎಂಬುದು ಅವರ ವಾದ. ಅಮೆರಿಕದಲ್ಲಿ ಇದು ತಜ್ಞರ ಸಮಿತಿಗಳವರೆಗೆ ಹೋಯಿತು. 1996ರ ವರದಿ ಲೆಕ್ಕದಲ್ಲಿ ಒಂದು ತಿದ್ದುಪಡಿ ಸೇರಿಸಿ ಎಂದಿತು. ಸಾಮಾನ್ಯವಾಗಿ 0.01, ಪ್ರತ್ಯೇಕವಾಗಿ ಬದುಕುವ ಚಿಕ್ಕ ಸಮುದಾಯಗಳಿಗೆ 0.03.

ಅಮೆರಿಕದವರಿಗೆ ಇದು ಹೊಸ ವಿಷಯವಾಗಿರಬಹುದು. ಜಾತಿಯ ಹೊರಗೆ ಹೆಣ್ಣು ಕೊಡದ, ಕೊಟ್ಟರೆ ಸೋದರಮಾವನಿಗೇ ಕೊಡುತ್ತೇವೆ ಎನ್ನುವ ನಾಡಿನಲ್ಲಿ ಇದನ್ನು ಯಾರೂ ಪಾಠ ಮಾಡಬೇಕಿಲ್ಲ. 2009ರಲ್ಲಿ ಸಿಸಿಎಂಬಿಯ ತಂಗರಾಜ್, ಲಾಲ್‌ಜಿ ಸಿಂಗ್ ಮತ್ತು ಹಾರ್ವರ್ಡಿನ ಡೇವಿಡ್ ರೈಕ್ ತಂಡ 25 ಸಮುದಾಯಗಳ 132 ಜನರ ಡಿಎನ್‌ಎ ನೋಡಿ 'ನೇಚರ್' ಪತ್ರಿಕೆಯಲ್ಲಿ ಬರೆಯಿತು. ಭಾರತದ ಸಮುದಾಯಗಳ ನಡುವಿನ ಅಂತರ ಯುರೋಪಿನ ದೇಶಗಳ ನಡುವಿನ ಅಂತರಕ್ಕಿಂತ ಹೆಚ್ಚು, ಎಷ್ಟೋ ಸಮುದಾಯಗಳು ಕೆಲವೇ ಪೂರ್ವಜರಿಂದ ಹುಟ್ಟಿ ತಲೆಮಾರುಗಟ್ಟಲೆ ತಮ್ಮೊಳಗೇ ಉಳಿದಿವೆ ಎಂದು. ಒಂದೇ ಬೀದಿಯಲ್ಲಿ ಬದುಕಿದರೂ ಲೆಕ್ಕಕ್ಕೆ ಬೇರೆ ಬೇರೆ ದೇಶ.

ಸಿಸಿಎಂಬಿ ಇರುವ ಜಾಗಕ್ಕೆ ಹಬ್ಸಿಗೂಡ ಎಂಬ ಹೆಸರು ಬಂದದ್ದು ಹಬ್ಶಿಗಳಿಂದ, ಅಂದರೆ ಆಫ್ರಿಕಾದಿಂದ ಬಂದವರಿಂದ ಎಂದು ಇಲ್ಲಿಯವರು ಹೇಳುತ್ತಾರೆ. ನಿಜಾಮರ ಸೈನ್ಯದಲ್ಲಿ ಆಫ್ರಿಕನ್ನರ ಪಡೆಯೇ ಇತ್ತು. ಅದೇ ಹಬ್ಸಿಗೂಡದ ಲ್ಯಾಬು 2011ರಲ್ಲಿ ನಮ್ಮ ಉತ್ತರ ಕನ್ನಡದ ಸಿದ್ದಿಗಳ ಡಿಎನ್‌ಎ ನೋಡಿತು. ಆಫ್ರಿಕಾದ ಜೊತೆಗೆ ಭಾರತದ ಅಂಶ, ಸ್ವಲ್ಪ ಪೋರ್ಚುಗೀಸರದ್ದೂ ಇರಬಹುದು, ಬೆರೆತದ್ದು ಸುಮಾರು 8 ತಲೆಮಾರಿನ ಹಿಂದೆ. ಯಲ್ಲಾಪುರದ ಕಾಡಿನಲ್ಲಿ ಕನ್ನಡ, ಕೊಂಕಣಿ ಮಾತಾಡುವ ಸಿದ್ದಿಯೊಬ್ಬನ ಸಂಖ್ಯೆಗಳನ್ನು 'ಭಾರತೀಯರ ಸರಾಸರಿ'ಯ ಪಟ್ಟಿಯಲ್ಲಿಟ್ಟು ನೋಡಿದರೆ ಆ 'ಎಷ್ಟರಲ್ಲಿ ಒಬ್ಬರು' ಎಂಬ ಉತ್ತರಕ್ಕೆ ಏನರ್ಥ?

ಇನ್ನೂ ಚಿಕ್ಕ, ಇನ್ನೂ ಚುರುಕಾದ ಉದಾಹರಣೆ ಗಂಡು ಹೆಣ್ಣು ಪರೀಕ್ಷೆಯದು. ದೇಹ ಯಾರದೆಂದು ಕೇಳುವ ಮುಂಚೆ ಗಂಡೋ ಹೆಣ್ಣೋ ಎಂದು ನೋಡುತ್ತಾರೆ. ಹಲ್ಲಿನ ಹೊರಕವಚಕ್ಕೆ ಸಂಬಂಧಿಸಿದ ಅಮೆಲೊಜೆನಿನ್ ಎಂಬ ಜೀನು ಎಕ್ಸ್‌ನಲ್ಲೂ ವೈಯಲ್ಲೂ ಇದೆ, ಉದ್ದ ಮಾತ್ರ ಸ್ವಲ್ಪ ಬೇರೆ. ಎರಡು ಗೆರೆ ಬಂದರೆ ಗಂಡು, ಒಂದೇ ಬಂದರೆ ಹೆಣ್ಣು. ಜಗತ್ತಿನ ಹೆಚ್ಚಿನ ಕಿಟ್ಟುಗಳಲ್ಲಿ ಇರುವ ಪರೀಕ್ಷೆ. 2002ರಲ್ಲಿ ತಂಗರಾಜ್, ಲಾಲ್‌ಜಿ ಸಿಂಗ್ ಮತ್ತಿತರರು 270 ಭಾರತೀಯ ಗಂಡಸರನ್ನು ಪರೀಕ್ಷಿಸಿದಾಗ ಐವರಿಗೆ ವೈಯ ಗೆರೆಯೇ ಬರಲಿಲ್ಲ. ಅವರಲ್ಲಿ ವೈ ಇತ್ತು, ಆ ತುಂಡು ಮಾತ್ರ ಬಿದ್ದುಹೋಗಿತ್ತು. ಆರೋಗ್ಯವಾಗಿದ್ದ ಐವರು ಗಂಡಸರನ್ನು ಯಂತ್ರ ಹೆಂಗಸರೆಂದಿತು. ಯುರೋಪಿನಲ್ಲಿ ತೀರಾ ಅಪರೂಪವಾದದ್ದು ನಮ್ಮಲ್ಲಿ ನೂರಕ್ಕೆ ಸುಮಾರು ಇಬ್ಬರಲ್ಲಿ. ಬೇರೆ ಜನರನ್ನು ನೋಡಿ ಮಾಡಿದ ಅಳತೆಗೋಲನ್ನು ಹಾಗೇ ತಂದರೆ ಇದಾಗುತ್ತದೆ.

ಈ ಗಂಡು ಹೆಣ್ಣು ಪರೀಕ್ಷೆಯೇ ನಾಚಾರಂನ ವರ್ಷಗಳ ಅತಿ ಗಂಭೀರ ಪ್ರಕರಣವೊಂದರಲ್ಲಿ ಮಾತಾಡಿತು.

2000ದ ಮಾರ್ಚಿನಲ್ಲಿ ಕಾಶ್ಮೀರದ ಚಿಟ್ಟಿಸಿಂಗ್‌ಪೊರಾದಲ್ಲಿ 35 ಸಿಖ್ಖರ ಕೊಲೆಯಾಯಿತು. ಐದು ದಿನದ ನಂತರ ಪಥ್ರಿಬಲ್‌ನಲ್ಲಿ ಐವರನ್ನು ಕೊಂದು, ಅವರೇ ಕೊಲೆ ಮಾಡಿದ ವಿದೇಶಿ ಉಗ್ರರು ಎಂದು ಹೇಳಲಾಯಿತು. ಸುತ್ತಲ ಹಳ್ಳಿಗಳವರು ಅವರು ನಮ್ಮವರು, ಕಾಣೆಯಾದವರು ಎಂದರು. ದೇಹಗಳು ಸುಟ್ಟಿದ್ದವು. ಹೂಳಿದ್ದನ್ನು ತೆಗೆದು, ಸಂಬಂಧಿಕರ ರಕ್ತದ ಜೊತೆ ಹೈದರಾಬಾದಿಗೂ ಕೋಲ್ಕತ್ತಕ್ಕೂ ಕಳಿಸಿದರು. ಹೊಂದಲಿಲ್ಲ. ಅಲ್ಲಿಗೇ ಮುಗಿದುಹೋಗಬಹುದಿತ್ತು. ಆದರೆ ಸಂಬಂಧಿಕರಾದ ಹೆಂಗಸರ ರಕ್ತ ಎಂದು ಬಂದಿದ್ದ ಸ್ಯಾಂಪಲ್ಲುಗಳಲ್ಲಿ ಗಂಡಸರ ಡಿಎನ್‌ಎ ಇದೆ ಎಂದು ಸಿಡಿಎಫ್‌ಡಿಯ ವರದಿ ಹೇಳಿತು.

ಇಲ್ಲಿ ನನ್ನ ಲ್ಯಾಬುಬುದ್ಧಿ ಒಂದು ಕ್ಷಣ ನಿಂತಿತು. ಆ ಐವರು ಗಂಡಸರ ಹಾಗೆ ಇದೂ ಯಂತ್ರದ ತಪ್ಪಾಗಿರಬಹುದೇ? ಆಗದು. ವೈಯ ತುಂಡು ಬಿದ್ದುಹೋಗಿ ಗಂಡಸು ಹೆಂಗಸಾಗಿ ಕಾಣಬಹುದು. ಇಲ್ಲದ ವೈ ಹೆಂಗಸಿನ ರಕ್ತದಲ್ಲಿ ತಾನಾಗಿ ಹುಟ್ಟಿಕೊಳ್ಳುವುದಿಲ್ಲ. ಶೀಷೆಯೊಳಗಿದ್ದದ್ದು ಬೇರೆಯವರ ರಕ್ತವೇ. 2002ರಲ್ಲಿ ಇದು ಬಯಲಾಗಿ ಮತ್ತೆ ಹೊಸದಾಗಿ ರಕ್ತ ತೆಗೆದರು. ಈ ಸಲ ಹೊಂದಿತು. ಸತ್ತವರು ಊರಿನವರೇ, ಸಾಮಾನ್ಯ ಜನ.

ನಮ್ಮ ಕಂಪನಿಯಲ್ಲಿ ಹೊಸದಾಗಿ ಸೇರುವ ಹುಡುಗರಿಗೆ ಮೊದಲ ವಾರ ಯಂತ್ರ ಮುಟ್ಟಲು ಬಿಡುವುದಿಲ್ಲ. ಲೇಬಲ್ ಬರೆಯುವುದು, ಸೀಲು ನೋಡುವುದು, ರಿಜಿಸ್ಟರಿನಲ್ಲಿ ಸಹಿ ಹಾಕುವುದು, ಇಷ್ಟೇ. ಬೇಸರ ಮಾಡಿಕೊಳ್ಳುತ್ತಾರೆ. ಅವರಿಗೆ ನಾನು ಪಥ್ರಿಬಲ್ ಕತೆ ಹೇಳುತ್ತೇನೆ. ಮಂಗಳೂರಿನದನ್ನು ಹೇಳುವುದಿಲ್ಲ.

ಯಾಕೆಂದರೆ ಮಂಗಳೂರಿನಲ್ಲಿ ಯಾರೂ ಮೋಸ ಮಾಡಲಿಲ್ಲ. ಒಂದು ಗಡಿಯಾರ ನೋಡಿ 'ಇವನೇ' ಎಂದವರಿಗೆ ಅವನೇ ಆಗಿರಬೇಕಿತ್ತು. ಜಿಲ್ಲಾಡಳಿತಕ್ಕೂ ಗೋಳಾಡುವ ಜನರ ಮುಂದೆ 'ಎಲ್ಲರ ಡಿಎನ್‌ಎ ನೋಡಿ ಆಮೇಲೆ ಕೊಡುತ್ತೇವೆ, ಕಾಯಿರಿ' ಎನ್ನುವುದು ಸುಲಭವಿರಲಿಲ್ಲ. ಮೇ ತಿಂಗಳ ಸೆಖೆ. ಸಂಜೆಯೊಳಗೆ ದಫನ ಮಾಡಬೇಕೆನ್ನುವ ಮನೆಗಳು. ಹಾಗಿದ್ದರೂ ನನ್ನ ಅಭಿಪ್ರಾಯ ಕೇಳಿದರೆ, ಕಾಯಬೇಕಿತ್ತು. ಎಲ್ಲ 158 ದೇಹಗಳಿಂದಲೂ ಒಂದೊಂದು ಸ್ಯಾಂಪಲ್ ತೆಗೆದಿಟ್ಟುಕೊಂಡು ಕೊಟ್ಟಿದ್ದರೆ ಗೋರಿ ಅಗೆಯುವ ಮಾತೇ ಬರುತ್ತಿರಲಿಲ್ಲ. ಇದನ್ನು ಈಗ ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು ಬರೆಯುತ್ತಿದ್ದೇನೆ ಎಂಬುದೂ ಗೊತ್ತಿದೆ.

ಮಂಗಳೂರಿನ ಸಮಸ್ಯೆಗೆ ಇನ್ನೊಂದು ಮುಖವಿತ್ತು. ಡಿಎನ್‌ಎ ಪರೀಕ್ಷೆಗೆ ಸತ್ತವನ ಹೆಸರು ಗೊತ್ತಿರುವುದಿಲ್ಲ. ಅದು ಹೇಳುವುದು ಸಂಬಂಧವನ್ನು. ಪಕ್ಕದಲ್ಲಿಟ್ಟು ನೋಡಲು ಬದುಕಿರುವ ಒಬ್ಬರು ಬೇಕು. ಅಣ್ಣ ತಮ್ಮ ಇಬ್ಬರೂ ಸತ್ತಿದ್ದರೆ, ತಂದೆತಾಯಿಯ ರಕ್ತದಿಂದ ಇಬ್ಬರೂ ಅವರ ಮಕ್ಕಳೆಂದು ಗೊತ್ತಾಗುತ್ತದೆ, ಯಾರು ಅಣ್ಣ ಯಾರು ತಮ್ಮ ಎಂದು ಗೊತ್ತಾಗುವುದಿಲ್ಲ. ಅದಕ್ಕೆ ಅವರ ಮಕ್ಕಳು ಬೇಕು. ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಒಟ್ಟಿಗೆ ಹೋದರೆ ಮನೆಯ ಬಾಚಣಿಗೆಯಲ್ಲಿ ಕೂದಲು, ಹಲ್ಲುಜ್ಜುವ ಬ್ರಶ್ ಹುಡುಕಬೇಕು, ಅವು ದುಬೈಯ ಬಾಡಿಗೆ ಕೋಣೆಯಲ್ಲಿರುತ್ತವೆ. ದೂರದ ಸಂಬಂಧಿಕರಾದರೆ ಬೇರೆ ದಾರಿಗಳಿವೆ. ತಂದೆಯಿಂದ ಮಗನಿಗೆ ಮಾತ್ರ ಹೋಗುವ ವೈ, ತಾಯಿಯಿಂದ ಮಕ್ಕಳಿಗೆ ಮಾತ್ರ ಬರುವ ಮೈಟೊಕಾಂಡ್ರಿಯ. ತುಳುನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲನೆಯದು ಮಕ್ಕಳಕಟ್ಟು, ಎರಡನೆಯದು ಅಳಿಯಕಟ್ಟು. ತಾಯಿಯ ಬಳಿ ಮಕ್ಕಳಿಗೆ ಬರುತ್ತದೆ, ಮುಂದೆ ದಾಟುವುದು ಮಗಳ ಮೂಲಕ ಮಾತ್ರ, ಮಗನಲ್ಲಿ ನಿಂತುಹೋಗುತ್ತದೆ. ತೊಂದರೆಯೆಂದರೆ ಒಂದೇ ಬಳಿಯ ಇಡೀ ಕುಟುಂಬಕ್ಕೆ ಗುರುತು ಒಂದೇ. ತಮ್ಮೊಳಗೇ ಸಂಬಂಧ ಬೆಳೆಸುವ ಸಮುದಾಯದ ಹತ್ತಾರು ಜನ ಒಂದೇ ವಿಮಾನದಲ್ಲಿದ್ದರೆ ಅದು ಇನ್ನೂ ಗೋಜಲು.

ಇಷ್ಟೆಲ್ಲ ಓದಿ ತಿಳಿದುಕೊಂಡ ಮೇಲೆ ನನಗೆ ಅನಿಸಿದ್ದು, ಆ ಹನ್ನೆರಡು ದೇಹಗಳ ವಿಷಯದಲ್ಲಿ ಲ್ಯಾಬು ಸೋಲಲಿಲ್ಲ ಎಂದು. 'ಇದು ಇವರದ್ದಲ್ಲ' ಎಂದು ಹನ್ನೆರಡು ಸಲ ಸರಿಯಾಗಿಯೇ ಹೇಳಿತು. ಯಾರದ್ದು ಎಂದು ಹೇಳಲು ಬೇಕಾದ ರಕ್ತ ಮಾತ್ರ ಅಲ್ಲಿಗೆ ಬರಲೇ ಇಲ್ಲ. ಅದು ತಮ್ಮವರನ್ನು ಆಗಲೇ ಕಳಿಸಿಕೊಟ್ಟೆವು ಎಂದುಕೊಂಡಿದ್ದ ಮನೆಗಳಲ್ಲಿತ್ತು.

ಲಾಲ್‌ಜಿ ಸಿಂಗ್ 2017ರ ಡಿಸೆಂಬರಿನಲ್ಲಿ ತೀರಿಕೊಂಡರು. ಡಿಎನ್‌ಎ ಪರೀಕ್ಷೆ, ಅದರ ದಾಖಲೆ, ಕಾಣೆಯಾದವರ ಪಟ್ಟಿ ಇವಕ್ಕೆಲ್ಲ ಕಾನೂನು ತರುವ ಮಸೂದೆಯೊಂದು 2019ರಲ್ಲಿ ಲೋಕಸಭೆಗೆ ಬಂತು, 2023ರಲ್ಲಿ ವಾಪಸಾಯಿತು. ಜನರ ಡಿಎನ್‌ಎ ಸರ್ಕಾರದ ಕೈಯಲ್ಲಿರುವುದು ಬೇಡ ಎಂದವರ ಭಯವೂ ಸುಳ್ಳಲ್ಲ. ಆ ಚರ್ಚೆ ಇನ್ನೊಂದು ಲೇಖನಕ್ಕಾಗುವಷ್ಟಿದೆ.

ಕಳೆದ ಸಲ ಊರಿಗೆ ಹೋದಾಗ ಉಮ್ಮನ ಮನೆಗೆ ಹೋಗಿದ್ದೆ. ವಯಸ್ಸಾಗಿದೆ. ಜಗಲಿಯಲ್ಲಿ ಕುಳಿತು ಅಡಿಕೆ ಸುಲಿಯುತ್ತಿದ್ದರು. ಅವನ ವಿಷಯ ಅವರಾಗಿ ಎತ್ತುವವರಲ್ಲ. ಅವತ್ತು ಕೇಳಿದರು.

'ನೀನಿರುವ ಊರಿನಲ್ಲೇ ಅಲ್ಲವಾ ಮಗಾ, ಆ ರಕ್ತ ನೋಡುವವರು ಇರುವುದು?'

'ಹೌದು ಉಮ್ಮ. ಮೊದಲು ನಮ್ಮ ಮನೆ ಹತ್ತಿರವೇ ಇತ್ತಂತೆ. ಈಗ ಸ್ವಲ್ಪ ಆಚೆಗೆ ಹೋಗಿದೆ.'

ಇನ್ನೂ ನಾಲ್ಕು ಅಡಿಕೆ ಸುಲಿದರು.

'ಇಷ್ಟು ವರ್ಷವಾದ ಮೇಲೆ ನನ್ನ ರಕ್ತ ಕೊಟ್ಟರೂ ಅವರಿಗೆ ಗೊತ್ತಾಗುತ್ತದಾ?'

ಗೊತ್ತಾಗುತ್ತದೆ ಎಂದೆ. ತಾಯಿಯ ರಕ್ತದಲ್ಲಿ ಆ ಸಂಖ್ಯೆಗಳು ಸಾಯುವವರೆಗೂ ಬದಲಾಗುವುದಿಲ್ಲ. ಮಸೀದಿಯ ಪಕ್ಕದ ಗೋರಿಯ ಬಗ್ಗೆ ನಾನು ಏನೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಸಿಪ್ಪೆಯನ್ನು ಗೋಣಿಗೆ ತುಂಬಿ, ಸೆರಗಿಗೆ ಕೈ ಒರೆಸಿಕೊಂಡು, 'ಕೂತಿರು, ಚಾ ತರುತ್ತೇನೆ' ಎಂದು ಒಳಗೆ ಹೋದರು.